ಕನೋಟೇಶನ್ ಎಂಬುದನ್ನು ಲಕ್ಷ್ಯಾರ್ಥ ಎನ್ನಬಹುದೇ? ಚಿಹ್ನೆಗಳ ಅರ್ಥದ ಪದರಗಳ ಬಗ್ಗೆ

ಅನುವಾದಕಿ

ಚಿತ್ರ, ಜಾಹೀರಾತು, ಸೂಚನಾ ಫಲಕ ಮೊದಲಾದ ಚಿಹ್ನೆಗಳನ್ನು ಓದುವ ಬಗೆಯನ್ನು ಕುರಿತು ಪದವಿ ವಿದ್ಯಾರ್ಥಿಗಳಿಗಾಗಿ ಬರೆದ ಪ್ರವೇಶಿಕೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂಲದಲ್ಲಿ ಅರ್ಥಕ್ಕೆ ಮೂರು ಪದರಗಳನ್ನು ಹೇಳಲಾಗಿದೆ: ಕಂಡದ್ದನ್ನು ಕಂಡಂತೆ ಹೇಳುವ ಡಿನೋಟೇಶನ್, ಅದರ ಬೆನ್ನಿಗೇ ಮನಸ್ಸಿಗೆ ಹೊಳೆಯುವ ಕನೋಟೇಶನ್, ಮತ್ತು ಒಂದು ಸಮಾಜವು ತನ್ನ ನಂಬಿಕೆಗಳನ್ನು ಲೋಕಸಹಜವೆಂಬಂತೆ ಚಿಹ್ನೆಯ ಬಾಯಲ್ಲಿ ನುಡಿಸುವ ಮಿಥ್. ಇವಕ್ಕೆ ನಾನು ನಮ್ಮ ಕಾವ್ಯಮೀಮಾಂಸೆಯ ಪದಗಳನ್ನೇ ಹಿಡಿದು ಕ್ರಮವಾಗಿ ವಾಚ್ಯಾರ್ಥ (ನೇರ ಅರ್ಥ), ಲಕ್ಷ್ಯಾರ್ಥ (ನೇರ ಅರ್ಥ ಹೊಂದದಾಗ ಹಿಡಿಯುವ ಅರ್ಥ), ವ್ಯಂಗ್ಯಾರ್ಥ (ಕೊಂಕಲ್ಲ, ಸೂಚನೆಯಿಂದ ಹೊಳೆಯುವ ಅರ್ಥ) ಎಂದು ಬರೆದುಕೊಂಡು ಹೋಗಿದ್ದೆ. ಕರಡನ್ನು ಓದಿದ ಹಿರಿಯರೊಬ್ಬರು "ಅಲ್ಲಿ ಮೂರು, ಇಲ್ಲಿ ಮೂರು ಎಂದು ಜೋಡಿಸಿದ್ದೀರಿ, ಅಷ್ಟೆ" ಎಂದು ಅಂಚಿನಲ್ಲಿ ಗೀಚಿ ಹಿಂದಿರುಗಿಸಿದ್ದಾರೆ.

ಬಾಟಲಿಯ ಮೇಲೆ ತಲೆಬುರುಡೆ ಮತ್ತು ಅಡ್ಡಲಾಗಿಟ್ಟ ಎರಡು ಮೂಳೆಗಳ ಚಿತ್ರವಿದೆ ಎಂದುಕೊಳ್ಳಿ. ಬುರುಡೆ ಎಂಬುದು ವಾಚ್ಯ. ಸಾವು ಎಂಬುದು ಲಕ್ಷ್ಯ. "ಇದು ವಿಷ, ಮುಟ್ಟಬೇಡ" ಎಂಬುದು ವ್ಯಂಗ್ಯ. ಇದರಲ್ಲಿ ತಪ್ಪೇನಿದೆ ಎಂಬುದು ನನಗೆ ನಿಜಕ್ಕೂ ಹೊಳೆಯುತ್ತಿಲ್ಲ. ಕಾವ್ಯಮೀಮಾಂಸೆಯನ್ನು ಕ್ರಮವಾಗಿ ಓದಿದವರು ತಿದ್ದಿದರೆ ಉಪಕಾರವಾಗುತ್ತದೆ.

ಹಳೆಯ ಮೇಷ್ಟ್ರು

ತಪ್ಪು ಇರುವುದು ಎರಡನೆಯ ಜೋಡಣೆಯಲ್ಲಿ. ಲಕ್ಷ್ಯಾರ್ಥವನ್ನು ಕೊಡುವ ಲಕ್ಷಣಾವೃತ್ತಿ ಸುಮ್ಮನೆ ಹುಟ್ಟುವುದಿಲ್ಲ; ಅದಕ್ಕೆ ಮೊದಲು ಮುಖ್ಯಾರ್ಥಕ್ಕೆ ಬಾಧೆ ಬರಬೇಕು, ಅಂದರೆ ಪದದ ನೇರ ಅರ್ಥ ಅಲ್ಲಿ ಹೊಂದದಂತಾಗಬೇಕು, ಹೊಸ ಅರ್ಥಕ್ಕೂ ಮುಖ್ಯಾರ್ಥಕ್ಕೂ ಸಂಬಂಧವಿರಬೇಕು, ಹಾಗೆ ಹೇಳುವುದಕ್ಕೆ ರೂಢಿಯೋ ಪ್ರಯೋಜನವೋ ಕಾರಣವಾಗಿರಬೇಕು. ಶಾಸ್ತ್ರದಲ್ಲಿ ಸವೆದುಹೋಗುವಷ್ಟು ಬಳಸಿದ ಉದಾಹರಣೆ "ಗಂಗಾಯಾಂ ಘೋಷಃ", ಅಂದರೆ ಗಂಗೆಯಲ್ಲಿ ಗೊಲ್ಲರ ಹಳ್ಳಿ. ಹರಿಯುವ ನೀರಿನ ಮೇಲೆ ಹಳ್ಳಿ ನಿಲ್ಲಲಾರದು. ಹಾಗಾಗಿ "ಗಂಗೆ" ಎಂಬ ಶಬ್ದದ ಮುಖ್ಯಾರ್ಥವು ಬಾಧಿತವಾಗಿ, ಹತ್ತಿರದ ಸಂಬಂಧದಿಂದ "ದಡ" ಎಂಬ ಅರ್ಥಕ್ಕೆ ಸರಿಯಬೇಕಾಗುತ್ತದೆ. ಇದು ಲಕ್ಷಣೆ. ಆದರೆ "ಗಂಗೆಯ ದಡದಲ್ಲಿ" ಎಂದು ನೇರವಾಗಿ ಹೇಳಬಹುದಾಗಿದ್ದಾಗ ಹಾಗೆ ಹೇಳದೆ "ಗಂಗೆಯಲ್ಲಿ" ಎಂದದ್ದೇಕೆ? ಆ ಹಳ್ಳಿಯ ತಂಪನ್ನೂ ಪಾವನತ್ವವನ್ನೂ ಕೇಳುಗನಿಗೆ ಮುಟ್ಟಿಸಬೇಕಾಗಿತ್ತು. ಅದು ವ್ಯಂಜನೆ, ವ್ಯಂಗ್ಯಾರ್ಥವನ್ನು ಹೊಳೆಯಿಸುವ ಶಕ್ತಿ. ಒಂದೇ ವಾಕ್ಯದಲ್ಲಿ ಮೂರೂ ಇವೆ, ಮೂರರ ಕೆಲಸವೂ ಬೇರೆ.

ನಿಮ್ಮ ಕನೋಟೇಶನ್‌ನಲ್ಲಿ ಬಾಧೆ ಎಲ್ಲಿದೆ? "ಸತ್ತರು", "ತೀರಿಕೊಂಡರು", "ಕಾಲವಾದರು", "ದೈವಾಧೀನರಾದರು" ಎಂಬ ನಾಲ್ಕನ್ನು ತೆಗೆದುಕೊಳ್ಳಿ. ನಾಲ್ಕೂ ತಿಳಿಸುವ ಸಂಗತಿ ಒಂದೇ. ಹೇಳುವವನು ಮೃತರಿಗೆ ಎಷ್ಟು ಹತ್ತಿರದವನು, ಎಷ್ಟು ಗೌರವ ತೋರುತ್ತಿದ್ದಾನೆ, ಎದುರಿಗೆ ಕುಳಿತವರು ಯಾರು ಎಂಬುದೆಲ್ಲ ಪದದ ಆಯ್ಕೆಯಿಂದಲೇ ತಿಳಿಯುತ್ತದೆ. ಮುಖ್ಯಾರ್ಥ ಅಲ್ಲೇ ಗಟ್ಟಿಯಾಗಿ ನಿಂತಿದೆ, ಅದರ ಜೊತೆಗೆ ಇನ್ನೊಂದು ಅರ್ಥ ನಡೆದು ಬಂದಿದೆ. ಇದು ವ್ಯಂಜನೆಯ ಕಡೆಗೆ ವಾಲುತ್ತದೆಯೇ ಹೊರತು ಲಕ್ಷಣೆಯ ಕಡೆಗಲ್ಲ.

ಇನ್ನೊಂದು ಮಾತು. "ಕಾವ್ಯಪ್ರಕಾಶ" ಬರೆದ ಸಂಸ್ಕೃತ ಮೀಮಾಂಸಕ ಮಮ್ಮಟನು "ಸೂರ್ಯ ಮುಳುಗಿದ" ಎಂಬ ಒಂದೇ ಮಾತನ್ನು ಎತ್ತಿಕೊಂಡು, ಅದು ಒಬ್ಬನಿಗೆ ಕೆಲಸ ನಿಲ್ಲಿಸುವ ಹೊತ್ತಾಯಿತೆಂದೂ, ಇನ್ನೊಬ್ಬನಿಗೆ ಶತ್ರುವಿನ ಮೇಲೆ ಬೀಳುವ ಸಮಯವೆಂದೂ, ಮತ್ತೊಬ್ಬಳಿಗೆ ನಲ್ಲನ ಬಳಿಗೆ ಹೊರಡುವ ಗಳಿಗೆಯೆಂದೂ ಹೊಳೆಯುತ್ತದೆ ಎನ್ನುತ್ತಾನೆ. ವಾಚ್ಯ ಒಂದೇ, ವ್ಯಂಗ್ಯ ಕೇಳುವವರಷ್ಟು. ನಿಮ್ಮ ಪ್ರವೇಶಿಕೆಯು ಅರ್ಥಗಳನ್ನು ಚಿಹ್ನೆಯೊಳಗೆ ಪದರ ಪದರವಾಗಿ ಮಡಿಸಿಟ್ಟ ಬಟ್ಟೆಯಂತೆ ನೋಡುತ್ತಿದ್ದರೆ, ಮಮ್ಮಟನ ಈ ಒಂದು ವಾಕ್ಯವೇ ಅದಕ್ಕೆ ಉತ್ತರ.

ಐಕಾನ್ ಬರೆಯುವವ

ಕಾವ್ಯಮೀಮಾಂಸೆ ನನಗೆ ಗೊತ್ತಿಲ್ಲ. ಪರದೆಯ ಮೇಲಿನ ಗುಂಡಿಗಳಿಗೆ ಚಿತ್ರ ಬರೆಯುವುದು ನನ್ನ ಕಸುಬು. ಮೇಷ್ಟ್ರು ಹೇಳಿದ "ಮುಖ್ಯಾರ್ಥ ಅಲ್ಲೇ ಗಟ್ಟಿಯಾಗಿ ನಿಂತಿದೆ" ಎಂಬ ಮಾತಿನ ಬಗ್ಗೆ ಮಾತ್ರ ನನಗೊಂದು ಅನುಮಾನವಿದೆ.

ಸ್ಮಾರ್ಟ್‌ಫೋನನ್ನು ಹೊಸದಾಗಿ ಹಿಡಿದಿದ್ದ ಒಬ್ಬ ಹಿರಿಯರ ಮುಂದೆ ನಾವು ಮಾಡಿದ ಆ್ಯಪನ್ನು ಇಟ್ಟು, ಬೇಕಾದ ಹೆಸರೊಂದನ್ನು ಹುಡುಕಿ ಎಂದು ಕೇಳಿಕೊಂಡೆವು. ಮೇಲಿನ ಮೂಲೆಯಲ್ಲಿ ಭೂತಗನ್ನಡಿ ಇತ್ತು. ಅವರು ಅದನ್ನು ನೋಡಿದರು, ಮುಟ್ಟಲಿಲ್ಲ. ಬೆರಳನ್ನು ಪಟ್ಟಿಯ ಮೇಲೆ ಸರಿಸುತ್ತ ಒಂದೊಂದೇ ಹೆಸರನ್ನು ಓದತೊಡಗಿದರು. ಸ್ವಲ್ಪ ಹೊತ್ತಿನ ಬಳಿಕ ಅಕ್ಷರ ಸಣ್ಣದಾಯಿತೆಂದು ಗೊಣಗಿ, ಆಗ ಭೂತಗನ್ನಡಿಯನ್ನು ಒತ್ತಿದರು! ಅಕ್ಷರ ದೊಡ್ಡದಾಗಲಿಲ್ಲ, ಕೀಲಿಮಣೆ ತೆರೆದುಕೊಂಡಿತು. ಅವರು ನಮ್ಮ ಮುಖ ನೋಡಿದರು, ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅಂದರೆ ಆ ಕೋಣೆಯಲ್ಲಿ ಚಿಹ್ನೆಯನ್ನು ವಾಚ್ಯವಾಗಿ ಓದಿದವರು ಅವರೊಬ್ಬರೇ. ಭೂತಗನ್ನಡಿ ಇರುವುದು ಸಣ್ಣದನ್ನು ದೊಡ್ಡದಾಗಿ ಕಾಣಲಿಕ್ಕೆ. "ಹುಡುಕು" ಎಂಬುದು ಪತ್ತೇದಾರನ ಕೈಯಲ್ಲಿ ಅದನ್ನು ಕಂಡು ಬಂದ ಸಹವಾಸದ ಅರ್ಥ, ಅದೂ ಇತ್ತೀಚಿನದು. ನಮಗಾದರೋ ಆ ಸಹವಾಸವೇ ವಾಚ್ಯವಾಗಿಬಿಟ್ಟಿತ್ತು. ಬರೆದದ್ದನ್ನು ಉಳಿಸುವ ಗುಂಡಿಗೆ ಹಾಕುವ, ಬಳಕೆ ತಪ್ಪಿಹೋದ ಫ್ಲಾಪಿ ಡಿಸ್ಕಿನ ಚಿತ್ರದ ಕತೆ ಎಲ್ಲರಿಗೂ ಗೊತ್ತಿರುವುದರಿಂದ ಬಿಡುತ್ತೇನೆ. ಪದರಗಳು ಇವೆಯೋ ಇಲ್ಲವೋ, ಅವು ಒಂದರ ಜಾಗಕ್ಕೆ ಇನ್ನೊಂದು ಜಾರಿಕೊಂಡು ಬರುತ್ತವೆ ಎಂಬುದಂತೂ ನನ್ನ ಅನುಭವ.

ತರ್ಕಪ್ರಿಯ

ಹೀಗೆ ಹೇಳುತ್ತ ಹೋದರೆ ವಾಚ್ಯಾರ್ಥವೆಂಬುದೇ ಇಲ್ಲ ಎಂಬಲ್ಲಿಗೆ ತಲುಪುತ್ತೇವೆ. ಅದನ್ನು ನಾನು ಒಪ್ಪಲಾರೆ. ಎಲ್ಲ ಚಿಹ್ನೆಗಳೂ ಒಪ್ಪಂದದಿಂದ ಹುಟ್ಟುವುದಿಲ್ಲ. ಅಮೆರಿಕದ ತತ್ತ್ವಜ್ಞ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ (1839–1914) ಚಿಹ್ನೆಗಳನ್ನು ಮೂರಾಗಿ ವಿಂಗಡಿಸಿದ: ಹೋಲಿಕೆಯಿಂದ ಸೂಚಿಸುವ ಪ್ರತಿರೂಪ, ಕಾರ್ಯಕಾರಣದಂಥ ನೈಜ ನಂಟಿನಿಂದ ಸೂಚಿಸುವ ಕುರುಹು, ರೂಢಿಯಿಂದ ಮಾತ್ರ ಸೂಚಿಸುವ ಸಂಕೇತ. ನಮ್ಮ ನ್ಯಾಯಶಾಸ್ತ್ರದಲ್ಲಿ ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಮಾತಿದೆಯಲ್ಲ, ಆ ಹೊಗೆ ಶುದ್ಧ ಕುರುಹು. ಯಾವ ಸಂಸ್ಕೃತಿಯವನು ನೋಡಿದರೂ ಹೊಗೆಯ ಕೆಳಗೆ ಬೆಂಕಿಯೇ ಇರುತ್ತದೆ. ಹಾಗೆಯೇ ಬಾಣದ ಗುರುತು ದಿಕ್ಕನ್ನು ತೋರಿಸುತ್ತದೆ. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಐಕಾನ್ ಬರೆಯುವವ

ಬಾಣದ ವಿಷಯದಲ್ಲಿ ನೀವು ಎಡವಿದಿರಿ. 1972ರಲ್ಲಿ ಹಾರಿಬಿಟ್ಟ ಪಯೋನಿಯರ್ 10 ಬಾಹ್ಯಾಕಾಶ ನೌಕೆಗೆ, ಮುಂದೆಂದಾದರೂ ಅನ್ಯಜೀವಿಗಳ ಕೈಗೆ ಸಿಕ್ಕರೆ ಇರಲಿ ಎಂದು, ಸುಮಾರು 15 ಸೆಂಟಿಮೀಟರ್ ಎತ್ತರ, 23 ಸೆಂಟಿಮೀಟರ್ ಅಗಲದ ಒಂದು ಫಲಕವನ್ನು ಜೋಡಿಸಿದ್ದರು. ನೌಕೆ ಹೊರಟದ್ದು ಸೂರ್ಯನಿಂದ ಮೂರನೆಯ ಗ್ರಹದಿಂದ ಎಂದು ತಿಳಿಸಲು ಅದರಲ್ಲಿ ಬಾಣದ ಗುರುತಿನ ಗೆರೆಯೊಂದನ್ನು ಕೊರೆದಿದ್ದರು. ಕಲಾ ಇತಿಹಾಸಕಾರ ಅರ್ನ್ಸ್ಟ್ ಗೋಂಬ್ರಿಕ್ ಅದೇ ವರ್ಷ ಇದನ್ನು ಟೀಕಿಸಿದ. ಬಿಲ್ಲು ಬಾಣಗಳನ್ನು ಕಂಡರಿಯದ ಜೀವಿಗೆ ಆ ಮೊನೆಯ ಅರ್ಥ ಹೇಗೆ ತಿಳಿದೀತು ಎಂಬುದು ಅವನ ಆಕ್ಷೇಪದ ತಿರುಳು. ಬೇಟೆಯಾಡಿದವರ ಸಂತತಿಯವರಾದ್ದರಿಂದ ನಮಗೆ ಅದು "ಹೇಳಿಕೊಡಬೇಕಾಗಿಲ್ಲ" ಎನಿಸುತ್ತದೆ. ಆ ಫಲಕವನ್ನು ಸಿದ್ಧಪಡಿಸಿದವರು ದೊಡ್ಡ ವಿಜ್ಞಾನಿಗಳು. ಅವರಿಗೂ ಹಾಗೆಯೇ ಎನಿಸಿತ್ತು.

ಹಳೆಯ ಮೇಷ್ಟ್ರು

ಹೊಗೆಯೂ ಅಷ್ಟು ಶುದ್ಧವೇನಲ್ಲ, ತರ್ಕಪ್ರಿಯರೇ. ವ್ಯಾಟಿಕನ್ನಿನಲ್ಲಿ ಹೊಸ ಪೋಪರ ಆಯ್ಕೆ ನಡೆಯುವಾಗ ಸಿಸ್ಟೈನ್ ಚಾಪೆಲಿನ ಚಿಮಣಿಯಿಂದ ಬರುವ ಹೊಗೆಯನ್ನು ನೆನಪಿಸಿಕೊಳ್ಳಿ. ಕೆಳಗೆ ಬೆಂಕಿ ಇದೆ ಎಂಬುದನ್ನು ತಿಳಿಯಲು ಚೌಕದಲ್ಲಿ ಯಾರೂ ಕಾದು ನಿಂತಿರುವುದಿಲ್ಲ. ಕಪ್ಪಾದರೆ ಆಯ್ಕೆಯಾಗಿಲ್ಲ, ಬಿಳಿಯಾದರೆ ಆಯಿತು. ಕುರುಹಾಗಿದ್ದದ್ದು ಬಣ್ಣದ ಒಪ್ಪಂದದಿಂದ ಸಂಕೇತವಾಯಿತು. ಆದರೆ ಹೊಗೆ ತನ್ನ ಸ್ವಭಾವವನ್ನು ಪೂರ್ತಿ ಬಿಟ್ಟುಕೊಡಲಿಲ್ಲ. 1958ರಲ್ಲಿ ಬಣ್ಣ ಸ್ಪಷ್ಟವಾಗದೆ ಜನ ಗೊಂದಲಕ್ಕೆ ಬಿದ್ದರು, ಬೂದು ಹೊಗೆಗೆ ಶಬ್ದಕೋಶದಲ್ಲಿ ಅರ್ಥವಿರಲಿಲ್ಲ. 2005ರಿಂದ ಬಿಳಿ ಹೊಗೆಯ ಜೊತೆಗೆ ಗಂಟೆಯನ್ನೂ ಬಾರಿಸುತ್ತಾರೆ. ಒಂದು ಚಿಹ್ನೆಗೆ ಇನ್ನೊಂದು ಚಿಹ್ನೆ ಸಾಕ್ಷಿ ಹೇಳಬೇಕಾಯಿತು.

ತರ್ಕಪ್ರಿಯ

ಬಾಣವನ್ನು ಬಿಟ್ಟುಕೊಟ್ಟೆ. ಹೊಗೆಯನ್ನು ಅರ್ಧ ಮಾತ್ರ ಬಿಟ್ಟುಕೊಡುತ್ತೇನೆ, ಏಕೆಂದರೆ ಆ ಚಿಮಣಿಯ ಕೆಳಗೂ ಬೆಂಕಿ ಇದ್ದೇ ಇದೆ.

ವಿಕಿರಣ ಸುರಕ್ಷತೆಯ ಕೆಲಸದವರು

ತಲೆಬುರುಡೆಯ ಉದಾಹರಣೆ ನೋಡಿ ಬರೆಯಬೇಕೆನಿಸಿತು. ನಮ್ಮ ಕ್ಷೇತ್ರದಲ್ಲಿ ಚಿಹ್ನೆ ಅರ್ಥವಾಗದಿದ್ದರೆ ಜೀವ ಹೋಗುತ್ತದೆ.

ನಡುವೆ ಚುಕ್ಕೆ, ಸುತ್ತ ಮೂರು ಎಸಳು ಇರುವ ವಿಕಿರಣದ ಗುರುತು 1946ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಪ್ರಯೋಗಾಲಯದಲ್ಲಿ ಹುಟ್ಟಿತು. ಕಲಿತವನಿಗೆ ಅದು ಎದೆ ನಡುಗಿಸುವ ಗುರುತು. ಕಲಿಯದವನಿಗೆ ಹೂವು, ಫ್ಯಾನಿನ ರೆಕ್ಕೆ. ವಿಕಿರಣ ಕಣ್ಣಿಗೆ ಕಾಣದ ವಸ್ತುವಾದ್ದರಿಂದ ಅದನ್ನು ಹೋಲುವ ಚಿತ್ರವನ್ನು ಬರೆಯಲು ಸಾಧ್ಯವೂ ಇರಲಿಲ್ಲ. 1987ರಲ್ಲಿ ಬ್ರೆಜಿಲ್ಲಿನ ಗೋಯಾನಿಯಾ ನಗರದಲ್ಲಿ, ಪಾಳುಬಿದ್ದ ಚಿಕಿತ್ಸಾಲಯವೊಂದರಲ್ಲಿ ಉಳಿದಿದ್ದ ಯಂತ್ರದ ಭಾಗವನ್ನು ಗುಜರಿಗೆಂದು ಕೊಂಡೊಯ್ದು ಒಡೆದರು. ಒಳಗಿದ್ದದ್ದು ವಿಕಿರಣ ಸೂಸುವ ಸೀಸಿಯಂ-137. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿದ್ದ ಪುಡಿ ಜನರಿಗೆ ಚೆಂದವಾಗಿ ಕಂಡಿತು; ಹಂಚಿಕೊಂಡರು, ಮೈಗೆ ಬಳಿದುಕೊಂಡರು. ನಾಲ್ವರು ಸತ್ತರು, 249 ಮಂದಿಯ ಮೈಗೆ ಅಥವಾ ಬಟ್ಟೆಗೆ ವಿಕಿರಣ ವಸ್ತು ಅಂಟಿತ್ತು. ಆ ಹೊಳಪೇ ಅಲ್ಲಿ ಅಪಾಯದ ನಿಜವಾದ ಕುರುಹಾಗಿತ್ತು. ತರ್ಕಪ್ರಿಯರು ಹೇಳುವ ನೈಜ ನಂಟಿನಲ್ಲಿ ಏನೂ ಕೊರತೆ ಇರಲಿಲ್ಲ. ಆದರೆ ಹೊಳೆಯುವುದರ ಜೊತೆ ಮನುಷ್ಯರ ಮನಸ್ಸಿನಲ್ಲಿ ಅಂಟಿಕೊಂಡಿರುವುದು ಚಿನ್ನ, ರತ್ನ, ದೀಪಗಳೇ ಹೊರತು ಸಾವಲ್ಲ.

ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯೂ ಮಾನಕ ಸಂಸ್ಥೆಯಾದ ಐಎಸ್‌ಒ ಕೂಡ ಸೇರಿ 2007ರಲ್ಲಿ ಇನ್ನೊಂದು ಗುರುತನ್ನು ತಂದವು. ಕೆಂಪು ತ್ರಿಕೋನದೊಳಗೆ ಮೇಲೆ ಅದೇ ಮೂರು ಎಸಳು, ಅದರಿಂದ ಇಳಿಯುವ ಅಲೆಗಳು, ಕೆಳಗೆ ತಲೆಬುರುಡೆ, ಪಕ್ಕದಲ್ಲಿ ಬಾಣ ಮತ್ತು ಓಡುತ್ತಿರುವ ಮನುಷ್ಯ. 11 ದೇಶಗಳ 1,650 ಜನರಿಗೆ ತೋರಿಸಿ ಪರೀಕ್ಷಿಸಿದ ಮೇಲೆಯೇ ಅದನ್ನು ಒಪ್ಪಿಕೊಂಡರು. ಅದನ್ನು ಗೋಡೆಗೋ ಬಾಗಿಲಿಗೋ ಹಚ್ಚುವುದಿಲ್ಲ; ಯಂತ್ರವನ್ನು ಬಿಚ್ಚಲು ಹೊರಟವನಿಗೆ ಮಾತ್ರ ಕಾಣುವಂತೆ ಒಳಭಾಗದಲ್ಲಿ ಹಚ್ಚುತ್ತಾರೆ. ಎಲ್ಲಿ ಹಚ್ಚಿದೆ ಎಂಬುದೂ ಅದರ ಅರ್ಥದ ಭಾಗ.

ಬುರುಡೆಯನ್ನಾದರೂ ಪೂರ್ತಿ ನಂಬಬಹುದೇ ಎಂದರೆ ಅದೂ ಇಲ್ಲ. 1971ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಮಕ್ಕಳ ಆಸ್ಪತ್ರೆಯವರು ವಿಷದ ಬಾಟಲಿಗಳಿಗೆಂದು ನಾಲಗೆ ಚಾಚಿ ಮುಖ ಸಿಂಡರಿಸಿದ ಹಸಿರು ಮುಖವೊಂದನ್ನು ರೂಪಿಸಿದರು. ಬುರುಡೆ ಕಂಡರೆ ಮಕ್ಕಳಿಗೆ ಸಾವಿನ ಬದಲು ಕಡಲ್ಗಳ್ಳರ ಸಾಹಸ ನೆನಪಾಗುತ್ತದೆ ಎಂಬ ಆತಂಕವೇ ಅದಕ್ಕೆ ಕಾರಣವಾಗಿತ್ತು.

ಅನುವಾದಕಿ

ನನ್ನ ಬಾಟಲಿ ಉದಾಹರಣೆ ಹೀಗೆ ಕೈಕೊಡುತ್ತದೆಂದು ಎಣಿಸಿರಲಿಲ್ಲ. ಬುರುಡೆಗೆ "ಸಾವು" ಎಂಬುದು ಎರಡನೆಯ ಪದರ, "ವಿಷ" ಎಂಬುದು ಮೂರನೆಯದು ಎಂದು ನಾನು ಬರೆದದ್ದು ಕೇವಲ ನನ್ನ ಓದು; ಮಗುವಿನ ಓದಿನಲ್ಲಿ ಆ ಜಾಗದಲ್ಲಿ ಬೇರೆಯೇ ಏನೋ ಇದೆ.

ಇನ್ನು ಮೂರನೆಯ ಪದರದ ಪ್ರಶ್ನೆ. ಫ್ರೆಂಚ್ ಚಿಂತಕ ರೋಲಾಂ ಬಾರ್ತ್ 1957ರ ತನ್ನ ಪುಸ್ತಕದಲ್ಲಿ ಕೊಟ್ಟ ಉದಾಹರಣೆಯನ್ನೇ ಪ್ರವೇಶಿಕೆಯೂ ಬಳಸಿದೆ. ಕ್ಷೌರದಂಗಡಿಯಲ್ಲಿ ಕುಳಿತಿದ್ದ ಅವನ ಕೈಗೆ ಒಂದು ಫ್ರೆಂಚ್ ವಾರಪತ್ರಿಕೆ ಬರುತ್ತದೆ. ಮುಖಪುಟದಲ್ಲಿ ಫ್ರೆಂಚ್ ಸಮವಸ್ತ್ರ ತೊಟ್ಟ ಕಪ್ಪು ಹುಡುಗನೊಬ್ಬ ಕಣ್ಣು ಮೇಲೆತ್ತಿ ಸೆಲ್ಯೂಟ್ ಹೊಡೆಯುತ್ತಿದ್ದಾನೆ. ಇಷ್ಟೇ ಚಿತ್ರ. ಬಾರ್ತ್‌ಗೆ ಅದು ಹೇಳುವುದು ಬೇರೆ: ಫ್ರಾನ್ಸ್ ಒಂದು ಮಹಾ ಸಾಮ್ರಾಜ್ಯ, ಅದರ ಮಕ್ಕಳೆಲ್ಲರೂ ಬಣ್ಣಭೇದವಿಲ್ಲದೆ ಅದರ ಬಾವುಟದಡಿ ನಿಷ್ಠೆಯಿಂದ ದುಡಿಯುತ್ತಾರೆ, ವಸಾಹತುಶಾಹಿ ದಬ್ಬಾಳಿಕೆ ಎನ್ನುವವರಿಗೆ ಈ ಹುಡುಗನ ಉತ್ಸಾಹವೇ ಉತ್ತರ. ಸಾಮ್ರಾಜ್ಯದ ಅಡಿಪಾಯ ಅಲುಗಾಡುತ್ತಿದ್ದ ಕಾಲದಲ್ಲಿ ಬಂದ ಮುಖಪುಟ ಅದು.

ಇದನ್ನು ಭಾಷಾಂತರಿಸುತ್ತ ಒಂದು ಸಂಗತಿಯಲ್ಲಿ ಸಿಕ್ಕಿಕೊಂಡೆ. ಹುಡುಗನ ನೋಟ ಬಹುಶಃ ತ್ರಿವರ್ಣ ಬಾವುಟದ ಮೇಲೆ ನೆಟ್ಟಿದೆ ಎಂದು ಬಾರ್ತ್ ಬರೆಯುತ್ತಾನೆ. ಆ ಮುಖಪುಟದಲ್ಲಿ ಬಾವುಟವೇ ಇಲ್ಲ. ಇಲ್ಲದ ಬಾವುಟವನ್ನು ಅವನೂ ಕಂಡ, ಓದುವ ನಾವೂ ಕಾಣುತ್ತೇವೆ. "ಚಿತ್ರದಲ್ಲಿ ಏನಿದೆ ಎಂಬ ಸರಳ ವರ್ಣನೆ" ಎಂದು ಪ್ರವೇಶಿಕೆ ಕರೆಯುವ ಮೊದಲ ಪದರದೊಳಗೇ ಮೂರನೆಯದು ಬಂದು ಕುಳಿತಿದೆ. ಅದೇ ಬಾರ್ತ್ 1970ರಲ್ಲಿ, ವಾಚ್ಯಾರ್ಥವು ಮೊದಲ ಅರ್ಥವಲ್ಲ, ಮೊದಲನೆಯದೆಂದು ಸೋಗು ಹಾಕುವ ಅರ್ಥ ಎಂಬ ನಿಲುವಿಗೆ ಬಂದ. ಅದು ಪ್ರವೇಶಿಕೆಯಲ್ಲಿ ಇಲ್ಲ, ಅಡಿಟಿಪ್ಪಣಿಯಾಗಿಯಾದರೂ ಸೇರಿಸಬೇಕೆಂದಿದ್ದೇನೆ.

ಮಿಥ್ ಎಂಬುದಕ್ಕೆ "ಪುರಾಣ" ಎಂದರೆ ದೇವತೆಗಳ ಕಥೆಯಾಗುತ್ತದೆ. "ಮಿಥ್ಯೆ" ಎಂದರೆ ಸುಳ್ಳು ಎಂದಾಗುತ್ತದೆ. ಹುಡುಗ ಸೆಲ್ಯೂಟ್ ಹೊಡೆದದ್ದು ಸುಳ್ಳಲ್ಲವಲ್ಲ?

ವಕೀಲಿ ಮಾಡುವವರು

ಅರ್ಥ ಯಾರದು ಎಂಬ ಪ್ರಶ್ನೆ ನ್ಯಾಯಾಲಯಕ್ಕೆ ಬಂದಾಗ ಏನಾಗುತ್ತದೆ ಎಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕೆನಡಾದ ಸಸ್ಕಾಚೆವಾನ್ ಪ್ರಾಂತದಲ್ಲಿ ಧಾನ್ಯದ ವ್ಯಾಪಾರಿ ಸಂಸ್ಥೆಯೊಂದು ಅಗಸೆ ಖರೀದಿಯ ಕರಾರಿನ ಫೋಟೊ ಕಳಿಸಿ, ಒಪ್ಪಿಗೆ ತಿಳಿಸಿ ಎಂದು ರೈತನಿಗೆ ಸಂದೇಶ ಹಾಕಿತು. ಅವನು ಹೆಬ್ಬೆರಳು ಎತ್ತಿದ ಎಮೋಜಿ ಕಳಿಸಿದ. ಅಗಸೆ ಕೊಡಲಿಲ್ಲ. ಕರಾರು ಕೈಸೇರಿತು ಎಂದಷ್ಟೇ ಅದರ ಅರ್ಥ ಎಂಬುದು ರೈತನ ವಾದ. ಒಪ್ಪಿದ್ದೇನೆ ಎಂದು ಅದರ ಅರ್ಥ ಎಂಬುದು ಸಂಸ್ಥೆಯ ವಾದ. 2023ರಲ್ಲಿ ನ್ಯಾಯಾಲಯ ರೈತನ ವಿರುದ್ಧ ತೀರ್ಪು ಕೊಟ್ಟು, 82,000 ಕೆನಡಾ ಡಾಲರಿಗೂ ಹೆಚ್ಚು ಪರಿಹಾರ ಕೊಡಿಸಿತು. ಮೇಲ್ಮನವಿಯಲ್ಲೂ ಅದು ನಿಂತಿತು.

ನ್ಯಾಯಾಧೀಶರು ಶಬ್ದಕೋಶದ ವಿವರಣೆಯನ್ನೂ ನೋಡಿದರು. ಆದರೆ ಕೊನೆಗೆ ತೂಗಿದ್ದು ಬೇರೆ: ಇವರಿಬ್ಬರ ನಡುವೆ ಹಿಂದೆ ನಡೆದ ವ್ಯವಹಾರಗಳಲ್ಲಿ "ಆಯಿತು", "ಸರಿ" ಎಂಬಂಥ ಚುಟುಕು ಉತ್ತರಗಳಿಂದಲೇ ಕರಾರು ಕುದುರಿ, ಮಾಲು ತಲುಪಿತ್ತು. ಮೇಷ್ಟ್ರು ಹೇಳಿದ "ಸೂರ್ಯ ಮುಳುಗಿದ" ಎಂಬ ಮಾತಿಗೆ ಯಾವ ಕೇಳುಗನ ಅರ್ಥ ಸಿಂಧು ಎಂದು ಒಬ್ಬರು ತೀರ್ಮಾನಿಸಲೇಬೇಕಾದಾಗ ಹೀಗೆ ಮಾಡುತ್ತಾರೆ.

ಸುಮ್ಮನೆ ಓದುಗ

ಬಿಳಿ ಎಂದರೆ ಒಂದೆಡೆ ಮದುವೆ, ಇನ್ನೊಂದೆಡೆ ಶೋಕ. ಕೆಂಪು ಎಂದರೆ ಒಂದೆಡೆ ಅಪಾಯ, ಇನ್ನೊಂದೆಡೆ ಶುಭ. ಸಾಂಸ್ಕೃತಿಕ ಅರ್ಥಕ್ಕೆ ಇಂಥ ಪಟ್ಟಿಯೊಂದನ್ನು ಕೊಟ್ಟರೆ ವಿದ್ಯಾರ್ಥಿಗಳಿಗೆ ಸಾಕಾಗುವುದಿಲ್ಲವೇ?

ಹಳೆಯ ಮೇಷ್ಟ್ರು

ದಯವಿಟ್ಟು ಬೇಡ. ಆ ಪಟ್ಟಿಗಳು ಬಣ್ಣಗಳ ಜ್ಯೋತಿಷ್ಯ. ವೈದ್ಯನ ಬಿಳಿ ಕೋಟು, ಶರಣಾಗತಿಯ ಬಿಳಿ ಬಾವುಟ, ಇನ್ನೂ ಏನೂ ಬರೆಯದ ಬಿಳಿ ಹಾಳೆ ಇವೆಲ್ಲ ಒಂದೇ ಸಮಾಜದಲ್ಲೇ ಇವೆ. ಅವುಗಳಿಗೆ ಒಂದೇ ಅರ್ಥವಿಲ್ಲ. ಸ್ವಿಸ್ ಭಾಷಾವಿಜ್ಞಾನಿ ಸಸ್ಸೂರ್, ತಾನು ತೀರಿಕೊಂಡ ಮೂರು ವರ್ಷಗಳ ಮೇಲೆ 1916ರಲ್ಲಿ ಅಚ್ಚಾದ ಪಾಠಗಳಲ್ಲಿ ಹೇಳಿದ್ದು ಇದನ್ನೇ: ಚಿಹ್ನೆಗೆ ಬೆಲೆ ಬರುವುದು ಅದು ಯಾವುದರ ಪಕ್ಕದಲ್ಲಿದೆ, ಯಾವುದು ಅಲ್ಲ ಎಂಬುದರಿಂದ.

ಪಟ್ಟಿಯ ಬದಲು ಒಂದೇ ಚಿಹ್ನೆಯ ಬಾಳನ್ನು ಹಿಡಿದು ಹೇಳಿ. ಗಾಯಾಳು ಸೈನಿಕರ ಆರೈಕೆಗೆ ಯಾವ ಪಕ್ಷಕ್ಕೂ ಸೇರದ ಗುರುತು ಬೇಕೆಂದು 1864ರ ಜಿನೀವಾ ಒಪ್ಪಂದದಲ್ಲಿ ಬಿಳಿ ನೆಲದ ಮೇಲಿನ ಕೆಂಪು ಶಿಲುಬೆಯನ್ನು ಒಪ್ಪಿಕೊಂಡರು. ಅದು ಸ್ವಿಟ್ಜರ್ಲೆಂಡಿನ ಬಾವುಟದ ಬಣ್ಣಗಳನ್ನು ಅದಲುಬದಲು ಮಾಡಿದ್ದು, ಧರ್ಮಕ್ಕೆ ಸಂಬಂಧವಿಲ್ಲ ಎಂಬುದು ಅಧಿಕೃತ ವಿವರಣೆ. 1876ರಲ್ಲಿ, ಶಿಲುಬೆಯು ತನ್ನ ಸೈನಿಕರ ಮನಸ್ಸಿಗೆ ಒಗ್ಗದು ಎಂದು ಒಟ್ಟೊಮನ್ ಸಾಮ್ರಾಜ್ಯ ಕೆಂಪು ಅರ್ಧಚಂದ್ರವನ್ನು ಬಳಸಿತು. 1929ರಲ್ಲಿ ಅದಕ್ಕೂ ಮಾನ್ಯತೆ ಸಿಕ್ಕಿತು. ಆಗ ಎರಡೂ ಇನ್ನಷ್ಟು ಧಾರ್ಮಿಕವಾಗಿ ಕಾಣತೊಡಗಿದವು, ಏಕೆಂದರೆ ಒಂದು ಇನ್ನೊಂದರ ಪಕ್ಕದಲ್ಲಿ ನಿಂತಿತು. ಕೊನೆಗೆ 2005ರಲ್ಲಿ ಕೆಂಪು ಹರಳು ಎಂಬ ಚೌಕದ ಗುರುತನ್ನು ತಂದರು, ಅದಕ್ಕೆ ಯಾವ ಧರ್ಮ, ದೇಶ, ಸಂಸ್ಕೃತಿಯ ವಾಸನೆಯೂ ಇರಬಾರದೆಂದೇ. ವಾಸನೆ ಇಲ್ಲದ್ದರಿಂದ ಅದನ್ನು ಕಂಡೊಡನೆ ಗುರುತಿಸುವವರೂ ಕಡಿಮೆ.

ಅನುವಾದಕಿಯವರೇ, ಮಿಥ್ ಎಂಬುದನ್ನು ಹಾಗೆಯೇ ಇಟ್ಟುಕೊಳ್ಳಿ, ಕನ್ನಡ ವಿಮರ್ಶೆಯಲ್ಲಿ ಅದು ಈಗಾಗಲೇ ನಡೆಯುತ್ತದೆ. ವ್ಯಂಗ್ಯಾರ್ಥ ಎಂದು ಮಾತ್ರ ಬರೆಯಬೇಡಿ. ಧ್ವನಿಯನ್ನು, ಅಂದರೆ ಕಾವ್ಯ ಸೂಚಿಸುವ ವ್ಯಂಗ್ಯಾರ್ಥವನ್ನು, ಹಿಡಿಯುವ ರಸಿಕ ಓದುಗನೇ ಸಹೃದಯ. ಅವನಿಗೆ ತಾನು ಏನನ್ನೋ ಹಿಡಿದೆನೆಂಬುದು ಗೊತ್ತು, ಅದೇ ಅವನ ಆನಂದ. ಮಿಥ್‌ನ ಹಿಡಿತಕ್ಕೆ ಸಿಕ್ಕವನಿಗೆ ತಾನು ಸಿಕ್ಕಿದ್ದೇನೆಂಬುದೇ ಗೊತ್ತಿರುವುದಿಲ್ಲ.

ಅನುವಾದಕಿ

ಸಹೃದಯನ ಆ ವ್ಯತ್ಯಾಸವನ್ನು ನಿಮ್ಮ ಮಾತಿನಲ್ಲೇ ಮುನ್ನುಡಿಗೆ ಸೇರಿಸಿಕೊಳ್ಳುತ್ತೇನೆ, ಮೇಷ್ಟ್ರೇ. ಕನೋಟೇಶನ್‌ಗೆ "ಒಡನರ್ಥ" ಎಂದು ಬರೆಯಲೇ? ಒಡನೆ ಬರುವ ಅರ್ಥ ಎಂಬ ಕಲ್ಪನೆ ಅದರಲ್ಲಿದೆ, ಬಾಧೆಯ ಗೊಂದಲವೂ ಇಲ್ಲ. ಡಿನೋಟೇಶನ್ ವಾಚ್ಯಾರ್ಥವಾಗಿಯೇ ಉಳಿಯಲಿ. ಆದರೆ ಅದನ್ನು "ಮೊದಲ ಪದರ" ಎಂದು ಕರೆದಲ್ಲೆಲ್ಲ "ಸದ್ಯಕ್ಕೆ ಎಲ್ಲರೂ ಒಪ್ಪಿದ ಅರ್ಥ" ಎಂದು ತಿದ್ದುತ್ತಿದ್ದೇನೆ. ಬಾಟಲಿಯ ಉದಾಹರಣೆ ಇರುತ್ತದೆ, ಜೊತೆಗೆ ಕಡಲ್ಗಳ್ಳರೂ ಬರುತ್ತಾರೆ.

ಹಳೆಯ ಮೇಷ್ಟ್ರು

"ಒಡನರ್ಥ" ಅಪ್ಪಟ ಅರಿಸಮಾಸ. ಕನ್ನಡದ "ಒಡನೆ"ಯನ್ನು ಸಂಸ್ಕೃತದ "ಅರ್ಥ"ಕ್ಕೆ ಗಂಟು ಹಾಕಿದ್ದೀರಿ. ವ್ಯಾಕರಣ ಬಲ್ಲವರು ಮೂಗು ಮುರಿಯುತ್ತಾರೆ. ನಾನೂ ಸ್ವಲ್ಪ ಮುರಿದೆ. ಬರೆಯಿರಿ.

ಐಕಾನ್ ಬರೆಯುವವ

ಆ ಆ್ಯಪ್ ಏನಾಯಿತೆಂದು ಇಬ್ಬರು ಖಾಸಗಿಯಾಗಿ ಕೇಳಿದ್ದಾರೆ. ಭೂತಗನ್ನಡಿಯನ್ನು ತೆಗೆಯಲಿಲ್ಲ. ಅದರ ಕೆಳಗೆ "ಹುಡುಕಿ" ಎಂದು ಬರೆದೆವು, ಅಕ್ಷರವನ್ನು ಎಲ್ಲ ಕಡೆಯೂ ಎರಡು ಅಳತೆ ದೊಡ್ಡದು ಮಾಡಿದೆವು. ಅದೇ ಹಿರಿಯರು ಮತ್ತೆ ಬಂದಾಗ ಚಿತ್ರವನ್ನು ಬಿಟ್ಟು ಪದವನ್ನೇ ಒತ್ತಿದರು.